ಅರಿಶಿನದ ಗೋಲು

ನಾನು ಜೀವನದಲ್ಲಿ ಒಮ್ಮೆಯೂ ಚೆಂಡು ಒದ್ದವನಲ್ಲ. ಆದರೂ ಪುಣೆಯ ಧನಕವಡಿಯ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಆದೆ. ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು "ಯಾರಾದರೂ ಒಬ್ಬರು ಬೇಕಲ್ಲ" ಎಂದಾಗ ಉಳಿದವರೆಲ್ಲ ಫೋನು ಕಿವಿಗೆ ಹಿಡಿದು ಹೊರಗೆ ಹೋದರು. ನಾನು ಬಟಾಟೆ ವಡೆ ತಿನ್ನುತ್ತಿದ್ದೆ. ಬಾಯಿ ತುಂಬ ವಡೆ ಇದ್ದವನು ಬೇಡ ಎನ್ನುವುದಾದರೂ ಹೇಗೆ? ಧಾರವಾಡದಿಂದ ಬಂದು ಇಲ್ಲಿ ಎಷ್ಟೋ ವರ್ಷದಿಂದ ಕೆಮಿಸ್ಟ್ರಿ ಕಲಿಸುತ್ತಿದ್ದೇನೆ, ಇನ್ನೂ ಈ ಮೀಟಿಂಗುಗಳ ವಿದ್ಯೆ ನನಗೆ ಹತ್ತಿಲ್ಲ.

ಅದೇ ವಾರ ಹೊಸ ಹೆಡ್ ಕೋಚ್ ಬಂದರು. ಬೆಳಗಾವಿ ಕಡೆಯ ಹೆಣ್ಣುಮಗಳು, ನಲವತ್ತು ದಾಟಿದವರು, ಎತ್ತರದ ಆಳು, ಮಾತಿಗಿಂತ ಸೀಟಿ ಜಾಸ್ತಿ. ಹಿಂದೆ ಕೆಲಸ ಮಾಡಿದ ಕಡೆಯೆಲ್ಲ ಅವರು ಅಸಿಸ್ಟೆಂಟ್. ಚೆಂಡಿಗೆ ಗಾಳಿ ತುಂಬುವುದು, ನೀರಿನ ಕ್ಯಾನು ಹೊರುವುದು, ಕಾಲು ಉಳುಕಿದವನಿಗೆ ಸ್ಪ್ರೇ ಹೊಡೆಯುವುದು. ಹೆಡ್ ಆಗಿದ್ದು ಇದೇ ಮೊದಲು. ಬಂದ ದಿನವೇ "ಹೆಡ್ ಕೋಚ್" ಎಂದು ಬರೆಸಿದ ಹಿತ್ತಾಳೆಯ ಬೋರ್ಡೊಂದನ್ನು ಚೀಲದಿಂದ ತೆಗೆದು, ತಾವೇ ಸ್ಕ್ರೂ ತಿರುಗಿಸಿ ಸ್ಪೋರ್ಟ್ಸ್ ರೂಮಿನ ಬಾಗಿಲಿಗೆ ಬಿಗಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಸ್ವಲ್ಪ ಓರೆಯಾಗಿತ್ತು, ಸರಿ ಮಾಡಿದರು. ಮತ್ತೆ ನೋಡಿದರು.

"ಚಂದ ಕಾಣ್ತದಲ್ರಿ ಸರ?" ಎಂದು ನನ್ನನ್ನು ಕೇಳಿದರು.

"ಭಾಳ ಚಂದ ಅದರಿ ಮೇಡಂ," ಎಂದೆ. ಪುಣೆಯಲ್ಲಿ ಕಾಲೇಜಿನ ಕಟ್ಟೆಯ ಮೇಲೆ ನಮ್ಮ ಕಡೆಯ ಮಾತು ಕೇಳಿ ನನಗೆ ಒಳಗೊಳಗೇ ಖುಷಿಯಾಗಿತ್ತು.

ಪ್ರಿನ್ಸಿಪಾಲರಿಗೆ ಖುಷಿಯಿರಲಿಲ್ಲ. ಅವರಿಗೆ ಬೇಕಾಗಿದ್ದು ಮೈದಾನ, ಅದೂ ಸ್ಕೂಟರ್ ನಿಲ್ಲಿಸಲು. ಹುಡುಗರ ಗಾಡಿಗಳು ಗೇಟಿನ ಹೊರಗೆ ನಿಂತು ಬೀದಿಯವರ ಬೈಗುಳ ದಿನಾ ಅವರ ಫೋನಿಗೆ ಬರುತ್ತಿತ್ತು. ಮೇಡಂ, ನಾನು ಇಬ್ಬರನ್ನೂ ಕೂರಿಸಿಕೊಂಡು ಮರಾಠಿಯಲ್ಲಿ ನೆಟ್ಟಗೆ ಹೇಳಿದರು: ಈ ಸೀಜನ್ನಿನಲ್ಲಿ ಆರು ಪಂದ್ಯ. ಒಂದಾದರೂ ಗೆದ್ದರೆ ತಂಡ ಉಳಿಯುತ್ತದೆ, ಮೇಡಂ ಉಳಿಯುತ್ತಾರೆ. ಒಂದೂ ಗೆಲ್ಲದಿದ್ದರೆ ಮೈದಾನ ಪಾರ್ಕಿಂಗಿಗೆ, ಮೇಡಂ ಬೆಳಗಾವಿಗೆ.

"ಒಂದ ಅಲ್ರಿ, ಮೂರು ಗೆಲ್ತೀವಿ," ಎಂದು ಹೊರಗೆ ಬಂದ ಮೇಲೆ ಮೇಡಂ ನನಗೆ ಹೇಳಿದರು. ಅವರು ಇನ್ನೂ ತಂಡವನ್ನು ನೋಡಿರಲಿಲ್ಲ.

ಮರುದಿನ ನೋಡಿದರು. ಗೋಲ್‌ಕೀಪರನಿಗೆ ದಪ್ಪ ಕನ್ನಡಕ, ಚೆಂಡು ಬಂದಾಗ ಮೊದಲು ಕನ್ನಡಕ ಹಿಡಿದುಕೊಳ್ಳುತ್ತಿದ್ದ, ಆಮೇಲೆ ಚೆಂಡು. ಕ್ಯಾಪ್ಟನ್ ಎದುರಾಳಿಗೆ ಡಿಕ್ಕಿ ಹೊಡೆದರೆ ನಿಂತು ಕ್ಷಮೆ ಕೇಳುತ್ತಿದ್ದ, ಅಷ್ಟರಲ್ಲಿ ಚೆಂಡು ಗೋಲಿನೊಳಗೆ. ಎಡಬದಿಯಲ್ಲಿ ಆಡುತ್ತಿದ್ದವನು ನನ್ನ ಬಿ.ಎಸ್ಸಿ. ಮೊದಲ ವರ್ಷದ ಕ್ಲಾಸಿನ ಒಬ್ಬ ಗಿಡ್ಡ. ಜಿಂಕೆಯ ಹಾಗೆ ಓಡುತ್ತಿದ್ದ. ಆದರೆ ಚೆಂಡು ಸಿಕ್ಕ ಕೂಡಲೇ ನಿಂತು, ಒದೆಯಲೋ ಬೇಡವೋ ಎಂದು ಮೇಡಂ ಮುಖ ನೋಡುತ್ತಿದ್ದ. "ಮಾಝ್ಯಾಕಡೆ ಬಘೂ ನಕೋ!" ನನ್ನ ಕಡೆ ನೋಡಬೇಡ ಎಂದು ಮೇಡಂ ಆ ಸೀಜನ್ನಿನಲ್ಲಿ ಎಷ್ಟು ಸಲ ಕೂಗಿದರೋ ದೇವರಿಗೇ ಗೊತ್ತು. ಕೂಗಿದಾಗ ಅವನು ಇನ್ನಷ್ಟು ಗಮನವಿಟ್ಟು ನೋಡುತ್ತಿದ್ದ.

ಮೇಡಂ ತರಬೇತಿಯೂ ವಿಚಿತ್ರವಾಗಿತ್ತು. ಗೋಲ್‌ಕೀಪರನಿಗೆ ಒಂದು ವಾರ ಬರೀ ಈರುಳ್ಳಿ ಹಿಡಿಸಿದರು. ಹಾಸ್ಟೆಲಿನ ಅಡುಗೆಯವನು ಈರುಳ್ಳಿಯೆಲ್ಲ ಜಜ್ಜಿಹೋಗಿವೆ ಎಂದು ನನ್ನ ಹತ್ತಿರ ತಕರಾರು ತಂದ, ಮ್ಯಾನೇಜರ್ ನಾನಲ್ಲವೇ. ಎಲ್ಲಕ್ಕಿಂತ ದೊಡ್ಡ ಉಪದ್ರವ ಅವರ ಒಂದು ನಿಯಮ: ತಪ್ಪು ಮಾಡಿದವನು ತಾನೇ ಕೈ ಎತ್ತಬೇಕು. ಚೆಂಡು ಕೈಗೆ ತಗುಲಿತೋ, ರೆಫರಿ ನೋಡದಿದ್ದರೂ ಕೈ ಎತ್ತಬೇಕು.

ಮೊದಲ ಮೂರು ಪಂದ್ಯ ನಾವು ಯಾವ ತೊಡಕೂ ಇಲ್ಲದೆ ಸೋತೆವು. ನಾಲ್ಕನೆಯದರಲ್ಲಿ ಕೊನೆಯ ನಿಮಿಷದವರೆಗೂ ಸೊನ್ನೆ–ಸೊನ್ನೆ. ಆಗ ನಮ್ಮ ಗೋಲಿನ ಮುಂದೆ ಗುಂಪಿನಲ್ಲಿ ಚೆಂಡು ಕ್ಯಾಪ್ಟನ್ನನ ಮೊಣಕೈಗೆ ತಗುಲಿತು. ಒಂದು ನರಪಿಳ್ಳೆಯೂ ನೋಡಿರಲಿಲ್ಲ. ಆ ಪುಣ್ಯಾತ್ಮ ಕೈ ಎತ್ತಿ ನಿಂತ. ಎದುರಾಳಿಗಳಿಗೆ ಪೆನಾಲ್ಟಿ, ಒಂದು ಗೋಲು, ನಮಗೆ ಸೋಲು. ನನಗೆ ಮೈಯೆಲ್ಲ ಉರಿಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಅವನಿಗೆ ಕಾತ್ರಜ್ ಬರುವವರೆಗೂ ಬೈದೆ. ನಿನ್ನ ಮೊಣಕೈಯ ಸುದ್ದಿ ಊರಿಗೆ ಹೇಳುವುದು ಏನು ಬಂದಿತ್ತು ಎಂದೆ. ಅವನು ಕ್ಷಮೆ ಕೇಳಿದ. ಮೇಡಂ ಮಾತ್ರ ಅವನ ಬೆನ್ನು ತಟ್ಟಿ ಕಡಲೆಕಾಯಿ ಕೊಟ್ಟರು. ಐದನೆಯದನ್ನೂ ಸೋತೆವು.

ಉಳಿದಿದ್ದು ಒಂದು. ಅದು ನಮ್ಮದೇ ಮೈದಾನದಲ್ಲಿ, ಶುಕ್ರವಾರ.

ಅದಕ್ಕೆ ಒಂದು ವಾರ ಮುಂಚೆ ಹೊಸ ಜರ್ಸಿಗಳು ಬಂದವು. ಬೆಳ್ಳಗೆ ಹಾಲಿನಂತೆ ಇದ್ದವು. ನಾನು ಹುರುಪಿನಿಂದ ಹಳೆಯ ಜರ್ಸಿಗಳನ್ನು ಅಂದೇ ಕೆಮಿಸ್ಟ್ರಿ ಲ್ಯಾಬಿಗೆ ಮೇಜು ಒರೆಸಲು ಕೊಟ್ಟೆ. ಆಸಿಡ್ ಬಿದ್ದು ಸಂಜೆಯೊಳಗೆ ಅವು ಜರಡಿಯಾಗಿದ್ದವು. ಇದನ್ನು ಇಲ್ಲಿ ಹೇಳಿಡುತ್ತೇನೆ, ಮುಂದೆ ಬೇಕಾಗುತ್ತದೆ.

ನಮ್ಮ ಕಡೆ ಹೊಸ ಬಟ್ಟೆಯನ್ನು ಹಾಗೇ ಮೈಗೆ ಹಾಕುವುದಿಲ್ಲ. ಅಂಚಿಗೆ ಒಂದು ಬೊಟ್ಟು ಅರಿಶಿನ ಹಚ್ಚಿ, ದೇವರ ಮುಂದೆ ಇಟ್ಟು ಹಾಕಿಕೊಳ್ಳುತ್ತೇವೆ. ನನ್ನ ಪರೀಕ್ಷೆಯ ಅಂಗಿಗೆ, ಮದುವೆಯ ಸೂಟಿಗೆ, ಕೊನೆಗೆ ಮಳೆಗಾಲದ ರೇನ್‌ಕೋಟಿಗೂ ಅವ್ವ ಬೊಟ್ಟು ಹಚ್ಚಿದ್ದಳು. ಹಾಗಾಗಿ ಮೇಡಂ "ಸರ, ನಮ್ಮ ಮನಿದೇವರು ಖಂಡೋಬಾ. ಜೇಜುರಿ ಇಲ್ಲೇ ಅದ. ರವಿವಾರ ಹುಡುಗೂರನ್ನ ಕರಕೊಂಡು ಹೋಗಿ, ಜರ್ಸಿಗೆ ಒಂದೊಂದು ಬೊಟ್ಟು ಹಚ್ಚಿಸ್ಕೊಂಡು ಬರೂಣು. ಮೆಟ್ಟಿಲು ಹತ್ತಿದರ ಪ್ರ್ಯಾಕ್ಟೀಸೂ ಆಗ್ತದ," ಎಂದಾಗ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಒಂದು ಬೊಟ್ಟು ತಾನೆ.

ಜೇಜುರಿಗೆ ಬಿಳಿ ಬಟ್ಟೆಯಲ್ಲಿ ಹೋಗುವವರು ಇಬ್ಬರೇ: ಅದನ್ನು ಕಂಡಿಲ್ಲದವರು ಮತ್ತು ನಾವು. ಹುಡುಗರು ಹುರುಪು ತಡೆಯಲಾರದೆ ಹೊಸ ಜರ್ಸಿ ತೊಟ್ಟೇ ಬಂದಿದ್ದರು. ಅಲ್ಲಿ ಭಕ್ತರು ಭಂಡಾರ ಎಂದು ಅರಿಶಿನ ತೂರುತ್ತಾರೆ. ಮೆಟ್ಟಿಲು, ಗೋಡೆ, ನಾಯಿ ಎಲ್ಲ ಹಳದಿ. ಆದರೂ ನಾವು ಗೋಡೆಯ ಬದಿ ಹಿಡಿದು ಹುಷಾರಾಗಿ ಹತ್ತುತ್ತಿದ್ದೆವು. ಅರ್ಧ ದಾರಿಯಲ್ಲಿ ಮೇಡಂ ನನ್ನನ್ನು ಕೂಗಿದರು: "ಸರ, ನನ್ನ ಮಗ್ಗಲದಾಗ ಜಾಗಾ ಅದ, ಈ ಕಡೆ ಬರ್ರಿ!"

ಅಷ್ಟು ಸಾಕಾಯಿತು. ಮೇಲಿನ ಮೆಟ್ಟಿಲಿನಲ್ಲಿ ವಿಜಯಪುರದ ಕಡೆಯಿಂದ ಬಂದ ದೊಡ್ಡದೊಂದು ಪರಿವಾರ ಕೂತಿತ್ತು. "ಅಯ್ಯ, ನಮ್ಮವರರೀ!" ಎಂದು ಒಬ್ಬ ಅಜ್ಜಿ ಎದ್ದು ನಿಂತಳು. ಊರು ಯಾವುದು, ಬಂದದ್ದು ಯಾವಾಗ, ಊಟ ಆಯಿತೇ ಎಂದು ವಿಚಾರಿಸುತ್ತಲೇ ಆಕೆ ಚೀಲಕ್ಕೆ ಕೈ ಹಾಕಿದಳು. ಹುಡುಗರೆಲ್ಲ ಮರಾಠಿಯವರು ಎಂದು ನಾನು ಹೇಳುವಷ್ಟರಲ್ಲಿ "ಏಳುಕೋಟಿ ಏಳುಕೋಟಿಗೋ!" ಎಂದು ಇಡೀ ಪರಿವಾರ ಬೊಗಸೆ ಬೊಗಸೆ ಭಂಡಾರ ತೂರಿತು. ನಮ್ಮ ಹುಡುಗರಿಗೆ ಭಕ್ತಿ ಉಕ್ಕಿ "ಯಳಕೋಟ ಯಳಕೋಟ ಜಯ ಮಲ್ಹಾರ!" ಎಂದು ಕೈ ಚಾಚಿ ತಿರುಗಿ ಬೆನ್ನನ್ನೂ ಒಡ್ಡಿದರು. ಅಜ್ಜಿ ನನ್ನ ಬಾಯಿಗೆ ಕೊಬ್ಬರಿ ತುರುಕಿದ್ದರಿಂದ ಈ ಸಲವೂ ಬೇಡ ಎನ್ನಲು ನನಗಾಗಲಿಲ್ಲ.

ಕೆಳಗೆ ಇಳಿದ ಮೇಲೆ ಕ್ಯಾಪ್ಟನ್ ಮೆಲ್ಲಗೆ ಒಂದು ವಿಷಯ ತಿಳಿಸಿದ. ಶುಕ್ರವಾರದ ಎದುರಾಳಿ ತಂಡದ ಜರ್ಸಿ ಹಳದಿ.

ಎರಡೂ ತಂಡ ಒಂದೇ ಬಣ್ಣದಲ್ಲಿ ಬಂದರೆ ಆಟ ನಡೆಯುವುದಿಲ್ಲ. ಯಾರ ಮೈದಾನದಲ್ಲಿ ಆಟವೋ ಅವರೇ ಬದಲಿಸಬೇಕು, ಬದಲಿಸಲು ಇಲ್ಲದಿದ್ದರೆ ಆಡದೆಯೇ ಸೋಲು. ಹಳೆಯ ಜರ್ಸಿ ಏನಾಯಿತು ಎಂದು ಮೇಡಂ ನನ್ನನ್ನು ಕೇಳಿದರು. ನಾನು ಹೇಳಿದೆ. ಅವರು ಸೀಟಿ ಬಾಯಿಗಿಟ್ಟು ನನ್ನ ಕಿವಿಯ ಹತ್ತಿರವೇ ಊದಿದರು.

"ತೊಳದು ಕೊಡೂ ಜವಾಬ್ದಾರಿ ನಂದ್ರಿ ಮೇಡಂ," ಎಂದೆ. "ನಾ ಕೆಮಿಸ್ಟ್ರಿ ಎಂ.ಎಸ್ಸಿ. ಇದ್ದೇನಿ."

ಮನೆಯಲ್ಲಿ ಹೆಂಡತಿ ಗಂಟು ಬಿಚ್ಚಿ ನೋಡಿ, "ಸೋಪು ಹಚ್ಚಬ್ಯಾಡ್ರಿ. ಅರಿಷಿಣ ಸೋಪಿಗೆ ಹೋಗಂಗಿಲ್ಲ, ಬಿಸಲಿಗೆ ಹಾಕ್ರಿ, ತಾನ ಹಾರಿ ಹೋಗ್ತದ," ಎಂದಳು. ಮಾತು ಸರಿಯೇ. ಆದರೆ ಸೋಮವಾರ, ಮಂಗಳವಾರ, ಬುಧವಾರ ಮೋಡ ಕವಿದು ಬಿಸಿಲಿನ ಸುಳಿವೇ ಇಲ್ಲ. ಗುರುವಾರ ಬೆಳಿಗ್ಗೆ ನಾನು ತಾಳ್ಮೆಗೆಟ್ಟು ಎಲ್ಲ ಜರ್ಸಿಗಳನ್ನು ದೊಡ್ಡ ಟಬ್ಬಿನಲ್ಲಿ ಹಾಕಿ, ಸೋಪಿನ ಪುಡಿ ಸುರಿದು, ಮೇಲೆ ಎರಡು ಹಿಡಿ ಸೋಡಾ ಹಾಕಿ ತುಳಿದೆ. ನೋಡನೋಡುತ್ತ ಟಬ್ಬಿನೊಳಗೆಲ್ಲ ಕೆಂಪು.

ಪ್ರತಿ ವರ್ಷ ಮೊದಲ ಪ್ರ್ಯಾಕ್ಟಿಕಲ್ಲಿನಲ್ಲಿ ನಾನೇ ಹುಡುಗರಿಗೆ ತೋರಿಸುತ್ತೇನೆ: ಅರಿಶಿನದ ಕಾಗದ ಸೋಪಿನ ನೀರಿಗೆ ಕೆಂಪಾಗುತ್ತದೆ. ಅದು ಟಬ್ಬಿನಲ್ಲಿ ಕಂಡಾಗ ನನಗೆ ಭಯವಾಗಬೇಕಿತ್ತು, ಆದರೆ ಕುಣಿಯುವಷ್ಟು ಸಂತೋಷವಾಯಿತು. ಬಿಳಿ ಆಗದಿದ್ದರೆ ಬೇಡ, ಹಳದಿ ಹೋಯಿತಲ್ಲ!

"ಜಾಲಿಸಿರೇನು?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು. ನಲ್ಲಿ ತಿರುಗಿಸಿದೆ. ಗುರ್ ಎಂದಿತು, ಅಷ್ಟೆ. ಆ ಗುರುವಾರ ನಮ್ಮ ಕಡೆ ನೀರು ಬಂದ್ ಎಂದು ಪೇಪರಿನಲ್ಲಿ ಬಂದಿತ್ತಂತೆ. ಸರಿ, ಸೋಪು ಇದ್ದಷ್ಟೂ ಕೆಂಪು ಗಟ್ಟಿ ಎಂದು ನನಗೆ ನಾನೇ ಪಾಠ ಹೇಳಿಕೊಂಡು, ಹಾಗೆಯೇ ಹಿಂಡಿ ಫ್ಯಾನಿನ ಕೆಳಗೆ ಒಣಗಿಸಿದೆ. ಬೆಳಿಗ್ಗೆ ಅವು ಒಣಗಿದ ಹಪ್ಪಳವಾಗಿದ್ದವು. ನೆಲಕ್ಕೆ ಇಟ್ಟರೆ ತಾವೇ ನಿಲ್ಲುತ್ತಿದ್ದವು.

"ಬಣ್ಣ ಪಕ್ಕಾ ಅದ ಏನ್ರಿ?" ಎಂದು ಮೇಡಂ ಕೇಳಿದರು.

"ಪಕ್ಕಾ ಅದರಿ," ಎಂದೆ.

ಆ ದಿನ ರೂಮಿನ ಬಾಗಿಲಿನ ಮುಂದೆ ಹೋದಾಗ ಹಿತ್ತಾಳೆಯ ಬೋರ್ಡಿನ ಒಂದು ಸ್ಕ್ರೂ ಸಡಿಲಿಸಿದ್ದು ಕಂಡಿತು. ಸೋತರೆ ಎಲ್ಲರ ಎದುರು ಬಿಚ್ಚುವುದು ಬೇಡವೆಂದು ಮೇಡಂ ಮುಂಚೆಯೇ ಅರ್ಧ ಬಿಚ್ಚಿಟ್ಟಿದ್ದರು. ನನಗೆ ಬಹಳ ಸಂಕಟವಾಯಿತು. ಬೇಡದ ಮ್ಯಾನೇಜರಿಕೆ ಮಾಡುತ್ತಿದ್ದವನು ಮೊದಲ ಬಾರಿಗೆ ಗೆಲ್ಲಬೇಕು ಎಂದುಕೊಂಡೆ.

ಪಂದ್ಯಕ್ಕೆ ಪ್ರಿನ್ಸಿಪಾಲರು ಪಾರ್ಕಿಂಗ್ ಕಂತ್ರಾಟುದಾರನನ್ನೇ ಕರೆದುಕೊಂಡು ಬಂದಿದ್ದರು. ಆತ ಗೋಲಿನ ಹಿಂದೆ ಆಗಲೇ ಸುಣ್ಣದ ಪುಡಿಯಿಂದ ಗಾಡಿಗೆ ಗೆರೆ ಎಳೆಯುತ್ತಿದ್ದ. ರೆಫರಿ ಎರಡೂ ತಂಡ ನೋಡಿ "ಒಂದು ಕೆಂಪು, ಒಂದು ಹಳದಿ" ಎಂದು ಬರೆದುಕೊಂಡು ಆಟ ಶುರು ಮಾಡಿದರು.

ಮೊದಲರ್ಧದಲ್ಲಿ ನಮ್ಮವರು ಆಡಿದ್ದಕ್ಕಿಂತ ಕೆರೆದುಕೊಂಡದ್ದು ಹೆಚ್ಚು. ಸೋಪಿಗೆ ಮೈ ಕಚ್ಚುತ್ತಿತ್ತು. ಒಬ್ಬ ಕತ್ತು ಕೆರೆದರೆ ಇನ್ನೊಬ್ಬ ಕಂಕುಳು. ಎದುರಾಳಿ ಕೋಚ್ ಇದೇನೋ ಗುಪ್ತ ಸಂಕೇತ ಎಂದುಕೊಂಡು ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದ. ಕತ್ತು ಕೆರೆದಾಗಲೆಲ್ಲ ಅವರ ನಾಲ್ಕು ಜನ ಹಿಂದಕ್ಕೆ ಓಡುತ್ತಿದ್ದರು. ಹಾಗಾಗಿ ಸೊನ್ನೆ–ಸೊನ್ನೆ.

ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಮಳೆ ಹಿಡಿಯಿತು. ಮೊದಲು ಹುಡುಗರ ಭುಜದ ಮೇಲೆ ನೊರೆ ಕಂಡಿತು. ಆಮೇಲೆ ಓಡಿದಂತೆಲ್ಲ ಗುಳ್ಳೆಗಳು ಹಾರತೊಡಗಿದವು. ಮಳೆ ಜೋರಾಯಿತು, ಸೋಪು ಇಳಿಯಿತು, ಸೋಪಿನ ಜೊತೆ ಕೆಂಪೂ ಇಳಿಯಿತು. ನನ್ನ ಕಣ್ಣೆದುರೇ ನಮ್ಮ ತಂಡ ಒಬ್ಬೊಬ್ಬನಾಗಿ ಹಳದಿಯಾಯಿತು. ನೀರು ಬಿದ್ದರೆ ಮತ್ತೆ ಹಳದಿ: ಪ್ರ್ಯಾಕ್ಟಿಕಲ್ಲಿನ ಎರಡನೆಯ ಭಾಗ. ಅದನ್ನೂ ನಾನೇ ಕಲಿಸುತ್ತೇನೆ.

ಗಿಡ್ಡ ಎಡಬದಿಯಲ್ಲಿ ನಿಂತಿದ್ದ. ಎದುರಾಳಿಯ ಒಬ್ಬ ಚೆಂಡು ಹಿಡಿದು ತಲೆ ಎತ್ತಿದ, ಹಳದಿ ಬೆನ್ನು ಕಂಡ, ತಮ್ಮವನೆಂದು ನಂಬಿ ಚೆಂಡನ್ನು ನೇರ ಗಿಡ್ಡನ ಕಾಲಿಗೆ ತಳ್ಳಿದ. ಗಿಡ್ಡ ಅಭ್ಯಾಸದಂತೆ ನಿಂತು ಮೇಡಂ ಕಡೆ ನೋಡಿದ. ಆದರೆ ಕಣ್ಣಿಗೆ ನೊರೆ ಇಳಿದಿತ್ತು. ಮೇಡಂ ಕಾಣಲಿಲ್ಲ. ಯಾರೂ ಕಾಣಲಿಲ್ಲ. ಉರಿ ತಡೆಯಲಾರದೆ ಕಿರುಚಿಕೊಂಡು ಒದ್ದ. ಗೋಲು!

ರೆಫರಿಯ ಸೀಟಿ ಆಯಿತು. ಮೇಡಂ ನನ್ನ ಛತ್ರಿಯನ್ನು ಕಿತ್ತು ಗಾಳಿಗೆ ಎಸೆದರು. ಎದುರಾಳಿಗಳು ರೆಫರಿಯನ್ನು ಮುತ್ತಿಕೊಂಡರು. ಆತ ಕನ್ನಡಕ ಒರೆಸಿ ನೋಡಿದರು, ಇಪ್ಪತ್ತೆರಡು ಜನರೂ ಒಂದೇ ಮದುವೆ ಮನೆಯಿಂದ ಎದ್ದು ಬಂದವರ ಹಾಗೆ. "ಕೆಂಪು ತಂಡ ಎಲ್ಲಿ?" ಎಂದು ಮರಾಠಿಯಲ್ಲಿ ಗುಡುಗಿದರು. ಯಾರಿಗೂ ಉತ್ತರ ತಿಳಿಯದು. ಮೇಡಂಗೂ ತಿಳಿಯದು, ಬಣ್ಣ ಪಕ್ಕಾ ಎಂದು ನಾನೇ ಹೇಳಿದ್ದೆನಲ್ಲ. ಅಲ್ಲಿದ್ದವರಲ್ಲಿ ವಿಷಯ ಗೊತ್ತಿದ್ದವನು ನಾನೊಬ್ಬನೇ. ಸುಮ್ಮನಿದ್ದರೆ ತಪ್ಪು ಮಳೆಯದು, ಗೋಲು ನಮ್ಮದು, ಗೆಲುವು ನಮ್ಮದು, ಬೋರ್ಡು ಬಾಗಿಲಿನಲ್ಲಿ.

ಬಾಯಿ ಮುಚ್ಚಿಕೊಂಡು ನಿಲ್ಲಬೇಕೆಂದೇ ಇದ್ದೆ. ಆದರೆ ಕ್ಯಾಪ್ಟನ್ ನನ್ನನ್ನೇ ನೋಡುತ್ತಿದ್ದ. ಬಸ್ಸಿನಲ್ಲಿ ಬೈಸಿಕೊಂಡ ಹುಡುಗ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಮಳೆ ಇತ್ತು. ನನ್ನ ಕೈ ಮೇಲೆ ಹೋಯಿತು. ನಾನು ಎತ್ತಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಅದೇ ಹೋಯಿತು.

ಮೈದಾನದ ನಡುವೆ, ಮಳೆಯಲ್ಲಿ, ಎರಡು ತಂಡ, ಒಬ್ಬ ರೆಫರಿ, ಒಬ್ಬ ಪ್ರಿನ್ಸಿಪಾಲ್ ಮತ್ತು ಒಬ್ಬ ಕಂತ್ರಾಟುದಾರನಿಗೆ ನಾನು ಅರಿಶಿನ ಮತ್ತು ಕ್ಷಾರದ ಬಗ್ಗೆ ಪಾಠ ಮಾಡಿದೆ. ಕ್ಲಾಸಿನಲ್ಲಿ ಅಷ್ಟು ನಿಶ್ಶಬ್ದವಾಗಿ ಯಾರೂ ಕೇಳಿದ್ದಿಲ್ಲ. ಕೊನೆಯಲ್ಲಿ ರೆಫರಿ ಗೋಲು ರದ್ದು ಮಾಡಿದರು. ಬೇರೆ ಬಣ್ಣ ಹಾಕಿಕೊಂಡು ಬಂದರೆ ಮಾತ್ರ ಉಳಿದ ಆಟ ಎಂದರು.

ನಾನು ಮೇಡಂ ಮುಖ ನೋಡುವ ಧೈರ್ಯವಿಲ್ಲದೆ ಲ್ಯಾಬಿಗೆ ಓಡಿದೆ. ಸಿಕ್ಕಷ್ಟು ಬಿಳಿ ಏಪ್ರನ್ ಹೊತ್ತು ತಂದೆ. ಕೊನೆಯ ಹನ್ನೆರಡು ನಿಮಿಷ ನಮ್ಮ ತಂಡ ಮೊಣಕಾಲಿನವರೆಗೆ ಇಳಿಬಿದ್ದ ಲ್ಯಾಬ್ ಏಪ್ರನ್ ತೊಟ್ಟು ಆಡಿತು. ಜೇಬಿನಿಂದ ಟೆಸ್ಟ್‌ಟ್ಯೂಬ್ ಬ್ರಷ್ ಉದುರುತ್ತಿತ್ತು. ಅವರ ಕೊನೆಯ ಹೊಡೆತಕ್ಕೆ ಗೋಲ್‌ಕೀಪರ್ ಎಂದಿನಂತೆ ಎರಡೂ ಕೈಯಿಂದ ಕನ್ನಡಕ ಹಿಡಿದುಕೊಂಡು ಕುಕ್ಕರಿಸಿದ. ಚೆಂಡು ಅವನ ಏಪ್ರನ್ನಿನ ಮಡಿಲಲ್ಲಿ ಬಿದ್ದು ಅಲ್ಲೇ ಕೂತಿತು. ಸೊನ್ನೆ–ಸೊನ್ನೆ. ಸೋಲಲಿಲ್ಲ, ಆದರೆ ಗೆಲ್ಲಲೂ ಇಲ್ಲ.

"ತಪ್ಪಾತ್ರಿ ಮೇಡಂ," ಎಂದೆ.

"ಯಾವ್ದು? ತೊಳದದ್ದೋ, ಕೈ ಎತ್ತಿದ್ದೋ?"

"ತೊಳದದ್ದು."

"ಹಂಗಾದ್ರ ಸರಿ," ಎಂದು ಮೇಡಂ ನನ್ನ ಮುರಿದ ಛತ್ರಿಯನ್ನು ಕೈಗೆ ಕೊಟ್ಟು, ಸ್ಕ್ರೂ ಬಿಚ್ಚಲು ಹೋದರು. ಅವರ ಕಣ್ಣು ಕೆಂಪಾಗಿತ್ತು. ಅದು ಸೋಪಿನಿಂದಲ್ಲ.

ಸೋಮವಾರ ಪ್ರಿನ್ಸಿಪಾಲರು ಇಬ್ಬರನ್ನೂ ಕರೆಸಿದರು. ಮೇಡಂ ಬೋರ್ಡನ್ನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದರು. ಪ್ರಿನ್ಸಿಪಾಲರ ಮೇಜಿನ ಮೇಲೆ ಒಂದು ದೊಡ್ಡ ಫೋಟೋ ಇತ್ತು: ಏಪ್ರನ್ ತೊಟ್ಟ ಹನ್ನೊಂದು ಜನ, ಮಳೆ, ಮಧ್ಯೆ ಗೋಲ್‌ಕೀಪರನ ಏಪ್ರನ್ನಿಗೆ ಗುಂಡಿ ಹಾಕುತ್ತಿರುವ ನಾನು. ಮುಂದಿನ ತಿಂಗಳು ಕಾಲೇಜು ತಪಾಸಣೆಗೆ ಸಮಿತಿ ಬರುವುದಿತ್ತು. ಬೇರೆ ಬೇರೆ ವಿಭಾಗಗಳು ಒಟ್ಟಾಗಿ ಏನು ಮಾಡುತ್ತೀರಿ ಎಂದು ಅವರು ಕೇಳುತ್ತಾರೆ. ಆ ಫೈಲು ವರ್ಷಗಳಿಂದ ಖಾಲಿ. ಪ್ರಿನ್ಸಿಪಾಲರು ಫೋಟೋವನ್ನು ಮಗುವಿನ ಹಾಗೆ ಸವರಿ, ವಿಜ್ಞಾನ ಮತ್ತು ಕ್ರೀಡೆ, ಇಂಥದ್ದು ಇಡೀ ಪುಣೆಯಲ್ಲೇ ಇಲ್ಲ, ಮುಂದಿನ ವರ್ಷವೂ ಮುಂದುವರಿಸಿ ಎಂದರು. ಪಾರ್ಕಿಂಗ್ ಏನಾಯಿತು ಎಂದು ನಾನು ಕೇಳಲಿಲ್ಲ. ಎಲ್ಲಿ ಬಾಯಿ ಮುಚ್ಚಬೇಕೆಂದು ಅಷ್ಟು ಹೊತ್ತಿಗೆ ಕಲಿತಿದ್ದೆ.

ಮೇಡಂ ಕಲಿತಿರಲಿಲ್ಲ. ಕೈ ಎತ್ತಿದರು. "ಸರ್, ನಾವು ಗೆದ್ದಿಲ್ಲ," ಎಂದು ಮರಾಠಿಯಲ್ಲಿ ನೆನಪಿಸಿದರು.

"ಯಾರು ಕೇಳಿದರು?" ಎಂದರು ಪ್ರಿನ್ಸಿಪಾಲರು.

ಬೋರ್ಡು ವಾಪಸ್ ಬಾಗಿಲಿಗೆ ಹೋಯಿತು. ಈ ಸಲ ಸ್ಕ್ರೂ ತಿರುಗಿಸಿದ್ದು ನಾನು. ಓರೆಯಾಗಿದೆ ಎಂದು ಮೇಡಂ ಮೂರು ಸಲ ಬಿಚ್ಚಿಸಿದರು.

ಗಿಡ್ಡ ಮಾತ್ರ ವಾರವಿಡೀ ನನ್ನ ಹಿಂದೆ ಸುಳಿದಾಡುತ್ತಿದ್ದ. ಏನೋ ಕೇಳಬೇಕು, ಕೇಳಲಾರ. ಕೊನೆಗೆ ಪ್ರ್ಯಾಕ್ಟಿಕಲ್ ಮುಗಿದು ಎಲ್ಲರೂ ಹೋದ ಮೇಲೆ ಕೈ ಎತ್ತಿ ನಿಂತು, "ಸರ್, ಆ ಗೋಲು ಲೆಕ್ಕಕ್ಕಿಲ್ಲ, ಗೊತ್ತು. ಆದರೆ ಒದ್ದದ್ದು ನಾನೇ ಅಲ್ಲವಾ?" ಎಂದು ಮರಾಠಿಯಲ್ಲಿ ಕೇಳಿದ. ಅವನ ಜೀವನದ ಒಂದೇ ಗೋಲು, ಅದನ್ನು ನಾನು ಅಳಿಸಿದ್ದೆ.

"ನೀನೇ ಒದ್ದದ್ದು," ಎಂದೆ. "ಯಾರ ಕಡೆಯೂ ನೋಡದೆ."

ಅವನು ಬಾಗಿಲಿನವರೆಗೆ ಹೋಗಿ, ಹೊರಗೆ ಮೇಡಂ ಸೀಟಿ ಕೇಳಿ, ಏಪ್ರನ್ ಬಿಚ್ಚದೆಯೇ ಮೈದಾನಕ್ಕೆ ಓಡಿದ.